ಹಳೆಯ ಮದರ್‌ಬೋರ್ಡಿನ ಹಸಿರು ಕಿಲುಬಿಗೆ ಗಾಜಿನೆಳೆಯ ಪೆನ್ನು

ಕೆಟ್ಟು ಕೂತಿದ್ದ 486 ಮದರ್‌ಬೋರ್ಡೊಂದನ್ನು (ತೊಂಬತ್ತರ ದಶಕದ ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಬೋರ್ಡು) ಸರಿಪಡಿಸಲೆಂದು ನಾನು ಕೊಂಡ ಸಲಕರಣೆಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಗಾಜಿನೆಳೆಯ ಪೆನ್ನು. ಬಾಲ್‌ಪೆನ್ನಿನಂತೆಯೇ ಕಾಣುವ ಇದರ ತುದಿಯಲ್ಲಿ ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳ ಕಟ್ಟೊಂದಿದ್ದು, ಹಿಂಬದಿಯನ್ನು ತಿರುಗಿಸಿದರೆ ಎಳೆಗಳು ಬೇಕಾದಷ್ಟೇ ಹೊರಬರುತ್ತವೆ. ಸವೆದಾಗ ಕಟ್ಟನ್ನು ಮಾತ್ರ ಬದಲಿಸಿದರೆ ಸಾಕು.

ನನ್ನ ಬೋರ್ಡಿನಲ್ಲಿ ಪರದೆಯೇನೋ ಬೆಳಗುತ್ತಿತ್ತು, ಆದರೆ ಕೀಬೋರ್ಡ್ ಇಲ್ಲವೆಂಬ ಸಂದೇಶ ಬರುತ್ತಿತ್ತು. ಕೀಬೋರ್ಡ್ ಸಾಕೆಟ್ಟಿನ ಪಕ್ಕದಲ್ಲೇ ಇದ್ದ 3.6 ವೋಲ್ಟಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿತ್ತು. ಈ ಬ್ಯಾಟರಿಯೊಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪ್ರಬಲ ಕ್ಷಾರ. ಅದು ಬೋರ್ಡಿನ ಹಸಿರು ಲೇಪನದಡಿ ನುಸುಳಿ, ವಿದ್ಯುತ್ ಹರಿಯುವ ತಾಮ್ರದ ಗೆರೆಗಳನ್ನು ತಿನ್ನುತ್ತ ಹೋಗುತ್ತದೆ. ಹೊಳೆಯಬೇಕಾದ ಬೆಸುಗೆಯೆಲ್ಲ ಬೂದುಬಣ್ಣಕ್ಕೆ ತಿರುಗಿ, ಸುತ್ತಲೂ ಕಿಲುಬು ಕಟ್ಟಿದ್ದರಿಂದ, ಸತ್ತದ್ದು ಯಾವುದು, ಬರೀ ಕೊಳೆಯಾದದ್ದು ಯಾವುದು ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ. ನಾನಂತೂ ಕೀಬೋರ್ಡ್ ಕಂಟ್ರೋಲರ್ ಚಿಪ್ಪೇ ಹೋಗಿದೆ ಎಂದುಕೊಂಡಿದ್ದೆ.

ಬ್ಯಾಟರಿಯನ್ನು ಕಿತ್ತು, ಕ್ಷಾರವನ್ನು ಶಮನಗೊಳಿಸಲು ಹತ್ತಿಯಲ್ಲಿ ಬಿಳಿ ವಿನೆಗರ್ ಹಚ್ಚಿ, ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿಸಿದ ನಂತರವೇ ಪೆನ್ನನ್ನು ಕೈಗೆತ್ತಿಕೊಂಡೆ. ಈ ಕ್ರಮ ತಪ್ಪಬಾರದು, ಏಕೆಂದರೆ ಪೆನ್ನು ಕಿಲುಬನ್ನು ಕೆರೆಯುತ್ತದೆಯೇ ಹೊರತು ಕ್ಷಾರವನ್ನು ತೆಗೆಯುವುದಿಲ್ಲ. ಭೂತಗನ್ನಡಿಯ ಕೆಳಗೆ ಮೆಲ್ಲಗೆ ಉಜ್ಜಿದಾಗ ಎರಡು ಗೆರೆಗಳಲ್ಲಿ ನಸುಗೆಂಪು ತಾಮ್ರ ಹೊಳೆಯಿತು. ಮೂರನೆಯದರಲ್ಲಿ ಸುಮಾರು ಎರಡು ಮಿಲಿಮೀಟರ್ ಉದ್ದಕ್ಕೆ ಕಪ್ಪು ಪುಡಿ ಉದುರಿತೇ ವಿನಾ ತಾಮ್ರ ಸಿಗಲಿಲ್ಲ. ಮಲ್ಟಿಮೀಟರ್ ಕಡ್ಡಿಗಳನ್ನು ಅದರ ಎರಡು ತುದಿಗೆ ಇಟ್ಟರೆ ಬೀಪ್ ಸದ್ದಿಲ್ಲ, ಅಂದರೆ ಗೆರೆ ತುಂಡಾಗಿತ್ತು. ತೆಳುವಾದ ತಂತಿಯೊಂದನ್ನು ಅಡ್ಡಲಾಗಿ ಬೆಸೆದ ಮೇಲೆ ಕೀಬೋರ್ಡ್ ಸ್ಪಂದಿಸಿತು. ಚಿಪ್ಪಿಗೆ ಏನೂ ಆಗಿರಲಿಲ್ಲ. ಸ್ವಚ್ಛಗೊಳಿಸುವುದಕ್ಕಿಂತಲೂ ದೋಷವಿರುವ ಜಾಗವನ್ನು ತೋರಿಸಿಕೊಡುವುದರಲ್ಲೇ ಈ ಪೆನ್ನಿನ ನಿಜವಾದ ಬೆಲೆಯಿದೆ ಎಂದು ನನಗೆ ಅನಿಸಿದ್ದು ಆಗ.

ಕೊರತೆಗಳೂ ಸಣ್ಣವಲ್ಲ. ಎಳೆಗಳು ಮುರಿದು ಉದುರುತ್ತಲೇ ಇರುತ್ತವೆ. ಚರ್ಮಕ್ಕೆ ಚುಚ್ಚಿಕೊಂಡರೆ ಕಣ್ಣಿಗೂ ಕಾಣದೆ ದಿನವಿಡೀ ಕಾಡುತ್ತವೆ. ನಾನು ಕೊಂಡ ಪೆನ್ನಿನ ಪೊಟ್ಟಣದ ಮೇಲೆ ಈ ಬಗ್ಗೆ ಒಂದಕ್ಷರದ ಎಚ್ಚರಿಕೆಯೂ ಇರಲಿಲ್ಲ ಎಂಬುದು ನನ್ನ ದೊಡ್ಡ ಆಕ್ಷೇಪ. ಕೈಗವಸು, ಕನ್ನಡಕ ಕಡ್ಡಾಯ. ಉಜ್ಜುವ ಜಾಗವನ್ನು ಆಲ್ಕೋಹಾಲಿನಿಂದ ಒದ್ದೆಯಾಗಿಟ್ಟುಕೊಂಡರೆ ಚೂರುಗಳು ಹಾರುವುದಿಲ್ಲ, ಬಾಯಿಂದ ಊದಲೇಬಾರದು. ಕಾರ್ಡುಗಳನ್ನು ಸಿಕ್ಕಿಸುವ ಸ್ಲಾಟುಗಳೊಳಗೆ ಇದನ್ನು ತೂರಿಸಿದರೆ ಎಳೆಗಳು ಸಂಪರ್ಕಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಒತ್ತಿ ಉಜ್ಜಿದರೆ ಉಳಿದಿರುವ ತಾಮ್ರವೂ ಹೋಗುತ್ತದೆ. ನಾಲ್ಕು ಮಿಲಿಮೀಟರ್ ತುದಿ ಚಿಪ್ಪಿನ ಕಾಲುಗಳ ನಡುವೆ ಹಿಡಿಸುವುದಿಲ್ಲವಾದ್ದರಿಂದ, ಎರಡು ಮಿಲಿಮೀಟರಿನದನ್ನೇ ಆರಿಸಿಕೊಳ್ಳುವುದು ಒಳಿತು.

ಬರೀ ಧೂಳು ಕೂತ ಬೋರ್ಡಿಗೆ ಇದರ ಅಗತ್ಯವಿಲ್ಲ, ಮೆತ್ತನೆಯ ಬ್ರಷ್ಷೇ ಸಾಕು. ಬ್ಯಾಟರಿ ಸೋರಿದ ಬೋರ್ಡು ಕೈಯಲ್ಲಿರುವವರು ಮಾತ್ರ ಇದನ್ನು ಖಂಡಿತ ಕೊಳ್ಳಬಹುದು. ಜೊತೆಗೆ ಸೋಲ್ಡರ್ ಮಾಸ್ಕ್ (ತಾಮ್ರವನ್ನು ಕಾಯುವ ಆ ಹಸಿರು ಲೇಪನ) ಇರುವ ಒಂದು ಸಣ್ಣ ಟ್ಯೂಬನ್ನೂ ತರಿಸಿಕೊಳ್ಳಿ. ಉಜ್ಜಿ ಬಯಲಾದ ತಾಮ್ರವನ್ನು ಹಾಗೆಯೇ ಬಿಟ್ಟರೆ ಗಾಳಿಯ ತೇವಕ್ಕೆ ಮತ್ತೆ ಕಂದುತ್ತದೆ.