75 ಗಂಟೆಯ ಸಿಎನ್‌ಎ ಕೋರ್ಸ್: ಸೇರುವ ಮುನ್ನ ನೋಡಬೇಕಾದದ್ದು

ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಆಪರೇಷನ್ ನಡೆಯುವ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರು ಬೇರೆಯದೇ ಜಾಗಕ್ಕೆ ಸಲ್ಲುತ್ತದೆ. ತಾವಾಗಿ ಏಳಲು, ಉಣ್ಣಲು, ಬಚ್ಚಲಿಗೆ ಹೋಗಲು ಆಗದ ಹಿರಿಯರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಮನೆ ಅದು. ಅಲ್ಲಿ ಮೈ ಒರೆಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು ಬಹುಪಾಲು ನರ್ಸ್ ಏಡ್‌ಗಳ ಕೈಯಲ್ಲಿ ನಡೆಯುತ್ತದೆ. ಅವರನ್ನು ತಯಾರು ಮಾಡುವ ಕೋರ್ಸಿಗೆ ಸಿಎನ್‌ಎ (ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್) ತರಬೇತಿ ಎನ್ನುತ್ತಾರೆ. ಅದಕ್ಕೆ ಸೇರಲು ಹೊರಟಿರುವ ಅಲ್ಲಿನ ಕನ್ನಡಿಗರಿಗೂ, ಅಪ್ಪ ಅಮ್ಮನಿಗಾಗಿ ಅಂಥ ಮನೆ ಹುಡುಕುತ್ತಿರುವವರಿಗೂ ಈ ವಿಮರ್ಶೆ.

ಕೋರ್ಸಿನ ಚೌಕಟ್ಟು 1987ರ ಕೇಂದ್ರ ಕಾಯ್ದೆಯಿಂದ ಬಂದದ್ದು. ಕನಿಷ್ಠ 75 ಗಂಟೆ ತರಬೇತಿ, ಅದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡುವ ಅಭ್ಯಾಸ. ಇದಲ್ಲದೆ ಹಿರಿಯರ ಮೈ ಮುಟ್ಟುವ ಮೊದಲೇ ಇನ್ನೊಂದು 16 ಗಂಟೆಯ ಪಾಠ ಮುಗಿದಿರಬೇಕು: ಮಾತುಕತೆ, ಸೋಂಕು ತಡೆ, ಗಂಟಲಲ್ಲಿ ಸಿಕ್ಕಿಕೊಂಡರೆ ಮಾಡಬೇಕಾದದ್ದೂ ಸೇರಿದಂತೆ ತುರ್ತು ಕ್ರಮಗಳು, ಹಿರಿಯರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತೆ ನೋಡಿಕೊಳ್ಳುವುದು, ಅವರ ಹಕ್ಕುಗಳು. ಈ ಅನುಕ್ರಮ ತುಂಬ ಸರಿಯಾಗಿದೆ. ಹಕ್ಕುಗಳ ಪಾಠ ಆಗದೆ ಯಾರೂ ಇನ್ನೊಬ್ಬರ ಬಟ್ಟೆ ಬಿಚ್ಚುವಂತಿಲ್ಲ ಎಂದು ಕಾನೂನಿನಲ್ಲೇ ಬರೆದಿಟ್ಟದ್ದು ಸಣ್ಣ ಸಂಗತಿಯಲ್ಲ.

ಗಂಟೆಗಳ ಲೆಕ್ಕ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ 100, ಇಲಿನಾಯ್‌ನಲ್ಲಿ 120, ಕ್ಯಾಲಿಫೋರ್ನಿಯಾದಲ್ಲಿ 160, ಮೇನ್‌ನಲ್ಲಿ 180. ಮಿಷಿಗನ್‌ನಂಥ ಕಡೆ ಇನ್ನೂ 75ರಲ್ಲೇ ಇದ್ದಾರೆ. ಕೇಂದ್ರದ ಕನಿಷ್ಠವನ್ನು 120ಕ್ಕೆ ಏರಿಸಬೇಕೆಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2008ರಲ್ಲೇ ಹೇಳಿತ್ತು. ಆದರೂ ಅದು ಏರಲಿಲ್ಲ.

ಒಟ್ಟು ಗಂಟೆ ನೋಡಿ ಕೋರ್ಸು ಆರಿಸಬೇಡಿ. ನೋಡಬೇಕಾದದ್ದು ಆ 16 ಗಂಟೆ ಎಲ್ಲಿ ಕಳೆಯುತ್ತದೆ ಎಂಬುದನ್ನು. ನಿಯಮದ ಪ್ರಕಾರ ಆ ಅಭ್ಯಾಸ ಲ್ಯಾಬಿನಲ್ಲಿ ನಡೆದರೂ ಆದೀತು, ಒಬ್ಬ ವ್ಯಕ್ತಿಯ ಮೇಲೆ ಮಾಡಿ ತೋರಿಸಿದರೆ ಸಾಕು. ಆ ವ್ಯಕ್ತಿ ಪಕ್ಕದ ಬೆಂಚಿನ ಸಹಪಾಠಿಯೂ ಆಗಬಹುದು. ಇಪ್ಪತ್ತೈದು ವರ್ಷದ, ಹೇಳಿದಂತೆ ಕೈಕಾಲು ಎತ್ತುವ ಸಹಪಾಠಿಗೆ ಅಂಗಿ ತೊಡಿಸುವುದಕ್ಕೂ, ಪಾರ್ಶ್ವವಾಯು ಬಡಿದು ಬಲಗೈ ಬಿಗಿದುಕೊಂಡ ಎಂಬತ್ತರ ಅಜ್ಜಿಗೆ ತೊಡಿಸುವುದಕ್ಕೂ ಹೋಲಿಕೆಯೇ ಇಲ್ಲ. ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಕೊನೆಗೆ: ಈ ಸೂತ್ರವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಬಿಗಿದ ಮೊಣಕೈಯನ್ನು ಎಷ್ಟು ನಿಧಾನವಾಗಿ ಬಿಡಿಸಬೇಕು, ಮುಖದಲ್ಲಿ ನೋವು ಕಂಡ ಕೂಡಲೇ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆ ಅಜ್ಜಿಯೇ ಕಲಿಸಬೇಕು. ಸೇರುವ ಮುನ್ನ ಕೇಳಿ: ಕ್ಲಿನಿಕಲ್‌ಗೆ, ಅಂದರೆ ಹಿರಿಯರ ಜೊತೆಗಿನ ಅಭ್ಯಾಸಕ್ಕೆ, ಯಾವ ನರ್ಸಿಂಗ್ ಹೋಮಿಗೆ ಕರೆದೊಯ್ಯುತ್ತೀರಿ, ಎಷ್ಟು ದಿನ, ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು? ಕಲಿಸುವ ಜವಾಬ್ದಾರಿ ಹೊತ್ತ ರಿಜಿಸ್ಟರ್ಡ್ ನರ್ಸ್‌ಗೆ ಕನಿಷ್ಠ 2 ವರ್ಷದ ನರ್ಸಿಂಗ್ ಅನುಭವ, ಅದರಲ್ಲಿ 1 ವರ್ಷ ದೀರ್ಘಕಾಲದ ಆರೈಕೆಯದ್ದು ಇರಲೇಬೇಕು. ಅದನ್ನೂ ಕೇಳಿ.

ಕೋರ್ಸಿನ ಬಲ ಇರುವುದು ಕೈಗೆ ಕೂರಿಸುವ ಕ್ರಮದಲ್ಲಿ. ಹಾಸಿಗೆಯಿಂದ ವೀಲ್‌ಚೇರಿಗೆ ಕೂರಿಸುವುದನ್ನೇ ನೋಡಿ. ಕುರ್ಚಿಯನ್ನು ಅವರ ಬಲವಿರುವ ಕಡೆಗೆ ತರಬೇಕು. ಕಾಲಿಡುವ ಪಟ್ಟಿಗಳನ್ನು ಬದಿಗೆ ಸರಿಸಿ, ಎರಡೂ ಚಕ್ರಕ್ಕೆ ಬ್ರೇಕ್ ಹಾಕಬೇಕು. ಹಾಸಿಗೆ ತಗ್ಗಿಸಿ, ಅದರ ಚಕ್ರಕ್ಕೂ ಬ್ರೇಕ್. ಜಾರದ ಚಪ್ಪಲಿ ತೊಡಿಸಿ ಎರಡೂ ಪಾದ ನೆಲಕ್ಕೆ ಊರಿಸಬೇಕು. ಹಿಡಿದು ಎಬ್ಬಿಸಲು ಬಳಸುವ ಬೆಲ್ಟನ್ನು ಸೊಂಟಕ್ಕೆ ಬಟ್ಟೆಯ ಮೇಲೆಯೇ ಕಟ್ಟಿ, ಒಳಗೆ ಬೆರಳು ತೂರುತ್ತವೆಯೇ ನೋಡಬೇಕು. ಬರಿ ಮೈಮೇಲೆ ಕಟ್ಟಿದರೆ ತೆಳುವಾದ ಚರ್ಮ ಕಿತ್ತು ಬರುತ್ತದೆ. ಆಮೇಲೆ ಏನು ಮಾಡಲಿದ್ದೇವೆ ಎಂದು ಹೇಳಿ, ಮೂರು ಎಣಿಸಿ, ಒಟ್ಟಿಗೆ ಎದ್ದು, ಕುರ್ಚಿಯ ಅಂಚು ಕಾಲಿನ ಹಿಂಭಾಗಕ್ಕೆ ತಾಗುವವರೆಗೆ ತಿರುಗಿಸಿ ಕೂರಿಸಬೇಕು. ಇಲ್ಲಿ ಆಗುವ ಅನಾಹುತ ಹೆಚ್ಚಾಗಿ ಎರಡೇ ಬಗೆಯದು. ಅವಸರದಲ್ಲಿ ಒಂದು ಬ್ರೇಕ್ ಮರೆತು ಕುರ್ಚಿ ಹಿಂದಕ್ಕೆ ಜಾರುವುದು ಒಂದು, ಬೆಲ್ಟ್ ಬಿಟ್ಟು ಕಂಕುಳಿಗೆ ಕೈಹಾಕಿ ಎತ್ತಲು ಹೋಗಿ ಭುಜದ ಕೀಲಿಗೆ ಪೆಟ್ಟಾಗುವುದು ಇನ್ನೊಂದು. ಕಂಕುಳಿಗೆ ಕೈಹಾಕುವ ಅಭ್ಯಾಸ ನಮ್ಮ ಮನೆಗಳಲ್ಲೂ ಧಾರಾಳವಾಗಿದೆ, ಬಿಡಬೇಕು.

ಪರೀಕ್ಷೆಯೂ ಇದೇ ಕಟ್ಟುನಿಟ್ಟಿನದು. ಹಲವು ರಾಜ್ಯಗಳು ನರ್ಸ್ ಏಡ್‌ಗಳಿಗೆ ನಡೆಸುವ ಎನ್‌ಎನ್‌ಎಎಪಿ ಎಂಬ ಪರೀಕ್ಷೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೌಶಲಗಳ ಪಟ್ಟಿಯಿಂದ ಐದನ್ನು ಮಾಡಿಸುತ್ತಾರೆ. ಕೈ ತೊಳೆಯುವುದು ತಪ್ಪುವುದೇ ಇಲ್ಲ: ಸೋಪಿನ ನೊರೆ ಕನಿಷ್ಠ 20 ಸೆಕೆಂಡು, ಬೆರಳು ಕೆಳಮುಖ, ನಲ್ಲಿ ನಿಲ್ಲಿಸಲು ಒಣ ಪೇಪರ್ ಟವೆಲ್. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಪರೀಕ್ಷಕರ ಎಣಿಕೆಗಿಂತ 4 ಬಡಿತ ಆಚೀಚೆ ಇದ್ದರೆ ಸರಿ. ಮೂತ್ರದ ಅಳತೆಗೆ 25 ಮಿಲಿಲೀಟರ್ ರಿಯಾಯಿತಿ ಇದೆ. ಅಳತೆ ಪಾತ್ರೆಯನ್ನು ಸಮತಟ್ಟಾದ ಜಾಗದಲ್ಲಿಟ್ಟು ಕಣ್ಣನ್ನು ಅದರ ಮಟ್ಟಕ್ಕೆ ಇಳಿಸದೆ ಮೇಲಿನಿಂದ ನೋಡಿದವರು ಇಲ್ಲೇ ಎಡವುತ್ತಾರೆ. ತೇರ್ಗಡೆಗೆ ಕನಿಷ್ಠ ಮೂರು ಅವಕಾಶ ಕೊಡಬೇಕೆಂದು ನಿಯಮವಿದೆ.

ಇನ್ನು ಕೊರತೆ. ಊಟ ಮಾಡಿಸುವ ಪಾಠ ಬಹಳ ತೆಳು. ನೆಟ್ಟಗೆ ಕೂರಿಸು, ಎರಡು ಮೂರು ತುತ್ತಿಗೊಮ್ಮೆ ಕುಡಿಯಲು ಕೊಡು, ಬಾಯಿ ಖಾಲಿಯಾಯಿತೇ ನೋಡು: ಪರೀಕ್ಷೆಗೆ ಇಷ್ಟು ಸಾಕಾಗುತ್ತದೆ. ನುಂಗುವ ತೊಂದರೆ ಇರುವವರಿಗೆ ಇದು ಸಾಲದು. ಅವರಿಗೆ ಕೊಡುವ ದ್ರವದ ಗಟ್ಟಿತನವನ್ನು ಈಗ 0ಯಿಂದ (ನೀರಿನಷ್ಟು ತೆಳು) 4ರವರೆಗೆ ಮಟ್ಟ ಹಾಕಿ ಅಳೆಯುತ್ತಾರೆ. 10 ಮಿಲಿಯ ಸಿರಿಂಜಿಗೆ ದ್ರವ ತುಂಬಿ 10 ಸೆಕೆಂಡು ಹರಿಯಬಿಟ್ಟಾಗ ಒಳಗೆ 4ರಿಂದ 8 ಮಿಲಿ ಉಳಿದರೆ ಅದು 2ನೇ ಮಟ್ಟ. ಎರಡು ನಿಮಿಷದಲ್ಲಿ ಮಾಡಿ ತೋರಿಸಬಹುದಾದ ಈ ಪರೀಕ್ಷೆ ಪ್ರತಿ ತರಗತಿಯಲ್ಲೂ ಇರಬೇಕಿತ್ತು. ನಮ್ಮ ಹಿರಿಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅನ್ನಕ್ಕೆ ತಿಳಿಸಾರು ಕಲಸಿ ಕೊಟ್ಟರೆ ಬಾಯಲ್ಲಿ ಅಗುಳು ಒಂದು ಕಡೆ, ನೀರು ಒಂದು ಕಡೆ. ಅಗುಳು ಇನ್ನೂ ಬಾಯಲ್ಲಿರುವಾಗಲೇ ಸಾರು ಗಂಟಲಿಗಿಳಿದು ಶ್ವಾಸನಾಳದ ಕಡೆ ಹೋಗುವ ಅಪಾಯ ಜಾಸ್ತಿ. ಮೆತ್ತಗೆ ಬೆಂದ, ನೀರು ಬಿಡದ ಪೊಂಗಲ್ಲೋ ಚೆನ್ನಾಗಿ ಮಸೆದ ಮೊಸರನ್ನವೋ ವಾಸಿ. ಅದನ್ನೂ ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಒಪ್ಪಿದ ಮೇಲೆಯೇ ಕೊಡಬೇಕು.

ಇದರ ಜೊತೆಗೆ ಊಟ ಮಾಡಿಸುವುದಕ್ಕಷ್ಟೇ ಪೇಯ್ಡ್ ಫೀಡಿಂಗ್ ಅಸಿಸ್ಟೆಂಟ್ ಎಂಬ ಇನ್ನೊಂದು ಹುದ್ದೆಗೂ ನಿಯಮದಲ್ಲಿ ಅವಕಾಶವಿದೆ. ಅವರ ಕನಿಷ್ಠ ತರಬೇತಿ 8 ಗಂಟೆ. ನುಂಗಲು ಕಷ್ಟವಿರುವವರಿಗೆ, ಆಹಾರ ಮತ್ತೆ ಮತ್ತೆ ಶ್ವಾಸಕೋಶಕ್ಕೆ ಹೋಗುವವರಿಗೆ, ಕೊಳವೆಯಲ್ಲಿ ಆಹಾರ ಪಡೆಯುವವರಿಗೆ ಅವರು ಉಣಿಸುವಂತಿಲ್ಲ. ಅಮ್ಮನ ಊಟದ ಹೊತ್ತಿಗೆ ಹೋಗಿ ನೋಡಿ, ಚಮಚ ಹಿಡಿದವರ ಬ್ಯಾಡ್ಜ್ ಓದಿ.

ಕೆಲಸಕ್ಕೆ ಸೇರಿದ ಮೇಲೆ ವರ್ಷಕ್ಕೆ ಕನಿಷ್ಠ 12 ಗಂಟೆ ಇನ್‌ಸರ್ವಿಸ್ ತರಬೇತಿ ಕಡ್ಡಾಯ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವುದು, ಹಿಂಸೆ ತಡೆಯುವುದು ಅದರಲ್ಲಿ ಇರಲೇಬೇಕು. ವಾರ್ಷಿಕ ಮೌಲ್ಯಮಾಪನದಲ್ಲಿ ಕಂಡ ದೋಷಗಳನ್ನೂ ಅಲ್ಲೇ ತಿದ್ದಬೇಕು. ಕಾಗದದ ಮೇಲೆ ಇದು ಕೋರ್ಸಿಗಿಂತ ಜಾಣತನದ ನಿಯಮ. ಕೆಡುವುದು ಎಲ್ಲಿ ಅಂದರೆ, ಎಲ್ಲರಿಗೂ ಒಂದೇ ವಿಡಿಯೋ ಹಾಕಿ, ಹಾಜರಿ ಹಾಳೆಗೆ ಸಹಿ ಮಾಡಿಸಿಕೊಂಡರೂ ಗಂಟೆ ತುಂಬುತ್ತದೆ. ಮನೆ ನೋಡಲು ಹೋದಾಗ "12 ಗಂಟೆ ಆಗಿದೆಯೇ" ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. "ಕಳೆದ ಸಲದ ಮೌಲ್ಯಮಾಪನದಲ್ಲಿ ಯಾವ ದೋಷ ಕಂಡಿತು, ಅದಕ್ಕೆ ಯಾವ ತರಗತಿ ಮಾಡಿದಿರಿ" ಎಂದು ಕೇಳಿ. ತಡವರಿಸದೆ ಉತ್ತರ ಕೊಡುವ ಮನೆಯಲ್ಲಿ ತರಬೇತಿ ನಿಜವಾಗಿ ನಡೆಯುತ್ತಿದೆ ಎಂದು ನಂಬಬಹುದು. ಹಾಗೆಯೇ ಹೊಸ ಏಡ್‌ಗಳು ಎಷ್ಟು ಮಂದಿ ಎಂದೂ ವಿಚಾರಿಸಿ: ತರಬೇತಿ, ಪರೀಕ್ಷೆ ಮುಗಿಸದವರನ್ನು ಪೂರ್ಣಾವಧಿ ಕೆಲಸದಲ್ಲಿ 4 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ದುಡ್ಡಿನ ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನರ್ಸಿಂಗ್ ಹೋಮ್ ನಿಮ್ಮನ್ನು ಆಗಲೇ ಕೆಲಸಕ್ಕೆ ತೆಗೆದುಕೊಂಡಿದ್ದರೆ ಅಥವಾ ಕೆಲಸ ಕೊಡುವುದಾಗಿ ಹೇಳಿದ್ದರೆ ತರಬೇತಿಗೂ ಪುಸ್ತಕಕ್ಕೂ ನಿಮ್ಮಿಂದ ಹಣ ಪಡೆಯುವಂತಿಲ್ಲ. ಸ್ವಂತ ಖರ್ಚಿನಲ್ಲಿ ಕಲಿತು 12 ತಿಂಗಳೊಳಗೆ ಅಂಥ ಕಡೆ ಕೆಲಸಕ್ಕೆ ಸೇರಿದರೆ, ಕೆಲಸ ಮಾಡಿದ ಅವಧಿಗೆ ತಕ್ಕಂತೆ ಆ ಖರ್ಚನ್ನು ಮರಳಿ ಪಡೆಯುವ ವ್ಯವಸ್ಥೆ ರಾಜ್ಯದಲ್ಲಿ ಇರಬೇಕು. ರಸೀದಿಗಳನ್ನು ಜೋಪಾನ ಮಾಡಿ. ರಾಜ್ಯದ ರಿಜಿಸ್ಟ್ರಿಯಲ್ಲಿ, ಅಂದರೆ ಅರ್ಹ ಏಡ್‌ಗಳ ಪಟ್ಟಿಯಲ್ಲಿ, ಹೆಸರು ಬಂದ ಮೇಲೂ ಸತತ 24 ತಿಂಗಳು ಸಂಬಳಕ್ಕೆ ಈ ಕೆಲಸ ಮಾಡದಿದ್ದರೆ ತರಬೇತಿಯನ್ನೋ ಪರೀಕ್ಷೆಯನ್ನೋ ಮತ್ತೆ ಮುಗಿಸಬೇಕಾಗುತ್ತದೆ. ಮಗುವಿಗಾಗಿ ಕೆಲಸ ಬಿಟ್ಟವರು, ಊರಿಗೆ ಬಂದು ನಿಂತವರು ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಲಿ.

ಕೋರ್ಸು ಮುಟ್ಟದ ಒಂದು ಜಾಗವನ್ನು ಮನೆಯವರೇ ತುಂಬಬೇಕು. ಮರೆವು ಹೆಚ್ಚಿದಂತೆ ಎಷ್ಟೋ ಹಿರಿಯರಿಗೆ ಆಮೇಲೆ ಕಲಿತ ಇಂಗ್ಲಿಷ್ ಮೊದಲು ಜಾರಿ, ಕನ್ನಡವಷ್ಟೇ ಉಳಿಯುತ್ತದೆ. "ಬಚ್ಚಲು" ಎಂದು ಹತ್ತು ಸಲ ಕೂಗಿದರೂ ಏಡ್‌ಗೆ ಅದು ಗಲಾಟೆಯಾಗಿ ಕೇಳುತ್ತದೆ. ಹಾಸಿಗೆಯ ಪಕ್ಕ ಒಂದು ರಟ್ಟು ಅಂಟಿಸಿ: ನೀರು, ನೋವು, ಬಚ್ಚಲು, ಚಳಿ, ಸಾಕು. ಪ್ರತಿ ಪದದ ಉಚ್ಚಾರ ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಅರ್ಥ. ಅಕ್ಷರ ದಪ್ಪಗಿರಲಿ, ರಾತ್ರಿ ಪಾಳಿಯ ಮಂದ ಬೆಳಕಿನಲ್ಲೂ ಕಾಣಬೇಕು. ಅದರಲ್ಲಿರುವುದನ್ನು ಕೇರ್ ಪ್ಲಾನ್‌ನಲ್ಲೂ (ಅವರ ಆರೈಕೆ ಹೇಗೆಂದು ಬರೆದಿಡುವ ದಾಖಲೆ) ಬರೆಸಿ, ಆಗ ಪಾಳಿ ಬದಲಾದರೂ ಮಾಹಿತಿ ಉಳಿಯುತ್ತದೆ.