ಸೀನಿಯರ್ ಲಿವಿಂಗ್ ಫ್ಲ್ಯಾಟ್: ಕ್ಲಬ್‌ಹೌಸ್ ಆಮೇಲೆ, ಮೊದಲು ಬಚ್ಚಲು ನೋಡಿ

ಬೆಂಗಳೂರಿನ ಕನಕಪುರ ರಸ್ತೆ, ದೇವನಹಳ್ಳಿ ಕಡೆ ನಿವೃತ್ತರಿಗೆಂದೇ ಕಟ್ಟಿದ ಫ್ಲ್ಯಾಟ್‌ಗಳಿವೆ. ಊಟದ ಹಾಲ್, ನರ್ಸ್, ಮನೆಗೆಲಸದವರು, ಆಂಬುಲೆನ್ಸ್ ಒಂದೇ ಆವರಣದಲ್ಲಿ. ಮಕ್ಕಳು ದೂರದಲ್ಲಿರುವ, ಇನ್ನೂ ಓಡಾಡಿಕೊಂಡಿರುವ ದಂಪತಿಗೆ ಒಳ್ಳೆಯ ಏರ್ಪಾಡು. ಹಗಲೂ ರಾತ್ರಿ ಒಬ್ಬರು ಪಕ್ಕದಲ್ಲಿರಲೇಬೇಕಾದವರಿಗೆ ಇದು ಸಾಲದು.

ಮನೆಯ ಗುಣ ಗೊತ್ತಾಗುವುದು ಬಚ್ಚಲಲ್ಲಿ. ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಒಳಕ್ಕೆ ತೆರೆಯುವ ಬಾಗಿಲ ಹಿಂದೆ ಯಾರಾದರೂ ಬಿದ್ದರೆ ಮೈಯೇ ಅಡ್ಡವಾಗಿ ಹೊರಗಿನವರು ತೆರೆಯಲಾಗುವುದಿಲ್ಲ. ಗಾಲಿಕುರ್ಚಿ ಹೋಗಲು ಬಾಗಿಲಿಗೆ 900 ಮಿ.ಮೀ. ಅಗಲ ಬೇಕು, ಟೇಪು ಒಯ್ದು ಅಳೆಯಿರಿ. ಕಮೋಡ್ ಸೀಟು ನೆಲದಿಂದ 450ರಿಂದ 480 ಮಿ.ಮೀ. ಇದ್ದರೆ ಮಂಡಿ ನೋವಿನವರೂ ಸುಲಭವಾಗಿ ಏಳಬಹುದು. ಹಿಡಿಕೆ ಕಂಬಿಯನ್ನು ಜಗ್ಗಿ ನೋಡಿ. ಹಗುರ ಬ್ಲಾಕ್ ಗೋಡೆಗೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ಗು, ಸ್ಕ್ರೂ ಹಾಕಿದ್ದರೆ ಮೈಭಾರ ಬಿದ್ದಾಗ ಕಿತ್ತು ಬರುತ್ತದೆ. ಟವೆಲ್ ಕಂಬಿಯನ್ನೇ ಹಿಡಿಕೆ ಎಂದು ತೋರಿಸುವವರಿದ್ದಾರೆ, ಒಪ್ಪಬೇಡಿ. ತುರ್ತು ಕರೆಯ ದಾರ ನೆಲದ ಹತ್ತಿರದವರೆಗೆ ಇಳಿದಿರಬೇಕು. ನೆಲ ಒರೆಸುವಾಗ ಅಡ್ಡವೆಂದು ಅದನ್ನು ಮೇಲಕ್ಕೆ ಗಂಟು ಕಟ್ಟಿಬಿಟ್ಟಿರುತ್ತಾರೆ. ಬಿದ್ದವರ ಕೈಗೆ ಸಿಗದ ದಾರ ಇದ್ದೇನು ಬಂತು! ಅನುಮತಿ ಕೇಳಿ ಒಮ್ಮೆ ಎಳೆಯಿರಿ, ಯಾರು ಎಷ್ಟು ನಿಮಿಷಕ್ಕೆ ಬರುತ್ತಾರೆ ನೋಡಿ. ಸಾಧ್ಯವಾದರೆ ರಾತ್ರಿ ಹೊತ್ತು.

ಲಿಫ್ಟಿನಲ್ಲಿ ಸ್ಟ್ರೆಚರ್ ಉದ್ದಕ್ಕೆ ಹಿಡಿಯಬೇಕು, ಜನರೇಟರ್ ಸಂಪರ್ಕವೂ ಇರಬೇಕು. ಊಟವನ್ನು ಭಾನುವಾರ ಬಿಟ್ಟು ವಾರದ ದಿನ ತಿಂದು ನೋಡಿ.

ಹಣದ ಮಾತಿನಲ್ಲಿ ಹೆಚ್ಚಿನವರು ಎಡವುವುದು ಫ್ಲ್ಯಾಟಿನ ಬೆಲೆಯಲ್ಲಲ್ಲ, ತಿಂಗಳ ಖರ್ಚಿನಲ್ಲಿ. ಮೇಂಟೆನೆನ್ಸ್, ಊಟ, ನರ್ಸ್ ಸೇವೆ, ಜಿಎಸ್‌ಟಿ ಬೇರೆ ಬೇರೆ ಬರೆಸಿಕೊಳ್ಳಿ. ವರ್ಷಕ್ಕೆ ಶೇಕಡಾ ಎಷ್ಟರವರೆಗೆ ಏರಿಸಬಹುದು ಎಂಬ ಮಿತಿಯೂ ಕರಾರಿನಲ್ಲಿ ಇರಲಿ. ಪಿಂಚಣಿ ಅಷ್ಟು ವೇಗವಾಗಿ ಏರುವುದಿಲ್ಲ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಂತೆ ಕಟ್ಟಡದ ದೋಷಕ್ಕೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ ಬಿಲ್ಡರ್ ಹೊಣೆ. ನರ್ಸ್ ಬಿಟ್ಟುಹೋದರೆ, ಅಡುಗೆ ಕೆಟ್ಟರೆ ಆ ಹೊಣೆ ಇಲ್ಲ. ಸೇವೆಯ ಕರಾರು ಸಾಮಾನ್ಯವಾಗಿ ಬೇರೆ, ಅದನ್ನು ನಡೆಸುವ ಕಂಪನಿಯೂ ಬೇರೆ. ಆ ಕಂಪನಿ ಬದಲಾದರೆ ನಿವಾಸಿಗಳ ಒಪ್ಪಿಗೆ ಬೇಕೇ? ಕೇಳಿ.

ದೊಡ್ಡ ಡಿಪಾಸಿಟ್ ಕೊಟ್ಟು ಇರುವ ಪದ್ಧತಿ ನಮ್ಮ ಭೋಗ್ಯದ ಹಾಗೇ ಕಂಡರೂ, ಹಣ ಹಿಂದಿರುಗಿಸುವ ಅವಧಿ, ಕಡಿತ, ಒಬ್ಬರು ತೀರಿಕೊಂಡರೆ ಉಳಿದವರ ಹಕ್ಕು ಇವು ಮೂರೂ ಸ್ಪಷ್ಟವಾಗಿರದೆ ಸಹಿ ಹಾಕಬೇಡಿ. ಕೊಳ್ಳುವವರು ಮರುಮಾರಾಟದ ಷರತ್ತು ಓದಿ: ಕೊಳ್ಳುವವರಿಗೋ ವಾಸಿಸುವವರಿಗೋ ವಯಸ್ಸಿನ ಮಿತಿ ಇದ್ದರೆ ಮಕ್ಕಳಿಗೆ ಆಸ್ತಿ ಸಿಗುತ್ತದೆ, ವಾಸ ಸಿಗುವುದಿಲ್ಲ, ಗಿರಾಕಿಯೂ ತಡವಾಗಿ ಸಿಗುತ್ತಾನೆ. ಹಾಗಾಗಿ ಸ್ವಂತ ಮನೆ ಮಾರುವ ಮುಂಚೆ ಅಲ್ಲೇ ಮೂರು ತಿಂಗಳು ಬಾಡಿಗೆಗೆ ಇದ್ದು ನೋಡುವುದು ಲೇಸು. ಮಳೆಗಾಲವಾದರೆ ನೆಲ ಜಾರುವುದೂ ಕರೆಂಟು ಹೋಗುವುದೂ ಕಣ್ಣಿಗೆ ಬೀಳುತ್ತವೆ.