ಹಾಡಿ ಮಕ್ಕಳ ಶಾಲೆಯಲ್ಲಿ ‘ತಪಸಾ’: ಶಿಕ್ಷಕರ ಮಾರ್ಗದರ್ಶಿಯೊಂದರ ವಿಮರ್ಶೆ

ನ್ಯೂಜಿಲೆಂಡಿನ ಶಿಕ್ಷಣ ಸಚಿವಾಲಯವು 2018ರಲ್ಲಿ ಹೊರತಂದ ‘ತಪಸಾ’ ಎಂಬ ಮಾರ್ಗದರ್ಶಿಯನ್ನು ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನಲ್ಲಿ ಹಾಡಿಗಳ (ಬುಡಕಟ್ಟು ಜನರ ವಸತಿಗಳ) ಮಕ್ಕಳು ಬರುವ ಸರ್ಕಾರಿ ಶಾಲೆಯೊಂದರ ಶಿಕ್ಷಕಿಯಾಗಿ ಓದಿ, ಅದರ ಕೆಲವು ಭಾಗಗಳನ್ನು ನನ್ನ ತರಗತಿಯಲ್ಲಿ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಮೋವಾ, ಟೋಂಗಾ, ನಿಯುವೆ, ಟೊಕೆಲಾವ್, ಕುಕ್ ದ್ವೀಪಗಳು ಮೊದಲಾದ ಪೆಸಿಫಿಕ್ ಸಾಗರದ ದ್ವೀಪಗಳಿಂದ ಬಂದು ಅಲ್ಲಿ ನೆಲೆಸಿದ ಪೆಸಿಫಿಕಾ ಕುಟುಂಬಗಳ ಮಕ್ಕಳಿಗೆ ಪಾಠ ಹೇಳುವವರಿಗಾಗಿ ಸಿದ್ಧವಾದ ಇದು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ.

ಈ ಕುಟುಂಬಗಳ ಹಿರಿಯರಲ್ಲಿ ಬಹಳಷ್ಟು ಮಂದಿ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ಬಂದವರು, ಹೆಚ್ಚಿನವರು ಆಕ್ಲೆಂಡಿನಲ್ಲಿ ನೆಲೆ ನಿಂತವರು. 1970ರ ದಶಕದಲ್ಲಿ ಬೆಳಗಿನ ಜಾವ ಪೊಲೀಸರು ಇವರ ಮನೆಗಳ ಮೇಲೆ ದಾಳಿ ನಡೆಸಿದ್ದಕ್ಕಾಗಿ ಅಲ್ಲಿನ ಸರ್ಕಾರ 2021ರಲ್ಲಿ ವಿಧ್ಯುಕ್ತವಾಗಿ ಕ್ಷಮೆ ಕೇಳಿತು. ಇಂಥ ಇತಿಹಾಸವಿರುವ ಸಮುದಾಯದ ಮಗು ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ ‘ಮಗುವಿನಲ್ಲಿ ಏನು ಕೊರತೆ’ ಎಂದು ಕೇಳುವ ಬದಲು ‘ಶಿಕ್ಷಕರಿಗೆ ಏನು ತಿಳಿದಿರಬೇಕು’ ಎಂದು ಕೇಳುವುದೇ ಈ ಮಾರ್ಗದರ್ಶಿಯ ದೊಡ್ಡ ಗುಣ.

ಇಡೀ ಬರಹವು ‘ತುರು’ ಎಂದು ಕರೆಯಲಾದ ಮೂರು ಸಾಮರ್ಥ್ಯಗಳ ಮೇಲೆ ನಿಂತಿದೆ. ನನಗೆ ಅತ್ಯಂತ ಉಪಯುಕ್ತವಾದದ್ದು ಮೊದಲನೆಯದು. ಪೆಸಿಫಿಕಾ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಜನಾಂಗಗಳು, ಭಾಷೆಗಳು, ನಡೆನುಡಿಗಳು ಇವೆ. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅರಿಯಬೇಕು ಎನ್ನುತ್ತದೆ ಅದು. ನಮ್ಮ ಸ್ಟಾಫ್ ರೂಮಿನಲ್ಲಿ ‘ಹಾಡಿ ಮಕ್ಕಳು’ ಎಂಬ ಒಂದೇ ಮಾತಿನಲ್ಲಿ ಯರವ, ಜೇನುಕುರುಬ, ಬೆಟ್ಟಕುರುಬ ಎಂಬ ಬೇರೆ ಬೇರೆ ಬುಡಕಟ್ಟುಗಳ ಮಕ್ಕಳೆಲ್ಲರನ್ನೂ ಸೇರಿಸಿಬಿಡುತ್ತೇವೆ. ಜೇನುಕುರುಬರ ನುಡಿ ಕನ್ನಡಕ್ಕೆ ಹತ್ತಿರವಾದರೆ, ಯರವ ಮನೆಯಿಂದ ಬರುವ ಮಗುವಿಗೆ ಒಂದನೇ ತರಗತಿಯ ಪಠ್ಯದ ಕನ್ನಡ ಹೊಸದಾಗಿ ಕಲಿಯಬೇಕಾದ ಇನ್ನೊಂದು ಭಾಷೆ. ಈ ಎರಡು ಮಕ್ಕಳ ಮೌನಕ್ಕೂ ಒಂದೇ ಕಾರಣ ಹೇಳುವುದು ಅನ್ಯಾಯ. ಆದ್ದರಿಂದ ಯಾವ ಮಗುವಿನ ಮನೆಯಲ್ಲಿ ಯಾವ ನುಡಿ ಇದೆ ಎಂಬುದನ್ನು ಈಗ ದಾಖಲಾತಿಯ ಹೊತ್ತಿಗೇ ಕೇಳಿ ಬರೆದುಕೊಳ್ಳುತ್ತಿದ್ದೇನೆ.

ಎರಡನೆಯ ತುರು ಪೋಷಕರೊಂದಿಗಿನ ಗೌರವದ ಸಂಬಂಧವನ್ನು ಕುರಿತದ್ದು. ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವ ತಾಯಂದಿರು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲು ಸಭೆಗೆ ಬರಲಾರರು; ಬಂದರೆ ಅಂದಿನ ಕೂಲಿ ಹೋಗುತ್ತದೆ. ಸಭೆಯನ್ನು ಕೆಲಸಕ್ಕೆ ರಜೆಯಿರುವ ದಿನ ಅವರಿರುವ ಕಡೆಯೇ ನಡೆಸಲು ಆರಂಭಿಸಿದ ಮೇಲೆ ಅವರು ಬಂದರು, ಮಾತಾಡಿದರು, ಮಗು ಶಾಲೆ ತಪ್ಪಿಸುವುದಕ್ಕೆ ಆನೆ ಓಡಾಡುವ ದಾರಿಯ ಭಯವೂ ಕಾರಣವೆಂದು ತಿಳಿಸಿದರು.

ಮೂರನೆಯದು ಬೋಧನೆಯ ವಿಧಾನಗಳದ್ದು. ಇಲ್ಲಿಯೇ ನನಗೆ ಅಸಮಾಧಾನವಿದೆ. ಶಿಕ್ಷಕರು ಏನನ್ನು ಬಲ್ಲವರಾಗಿರಬೇಕೆಂಬುದನ್ನು, ತರಬೇತಿಯಲ್ಲಿರುವವರಿಂದ ಹಿಡಿದು ಶಾಲೆಯ ಮುಖ್ಯಸ್ಥರವರೆಗೆ ಹಂತ ಹಂತವಾಗಿ ಬರೆಯಲಾಗಿದೆ, ಆದರೆ ನಾಳೆ ಬೆಳಿಗ್ಗೆ ಭಿನ್ನರಾಶಿಯನ್ನು ಹೇಗೆ ಕಲಿಸಲಿ ಎಂದು ಕೇಳುವವರಿಗೆ ಸಿದ್ಧ ಪಾಠ ಸಿಗುವುದಿಲ್ಲ. ಪರಾಗಸ್ಪರ್ಶದ ಪಾಠಕ್ಕೆ ನಾನೇ ದಾರಿ ಹುಡುಕಿಕೊಂಡೆ. ಹೂಮಳೆ ಬಿದ್ದು ಕಾಫಿ ಅರಳಿದಾಗ ತೋಟಕ್ಕೆ ಬರುವ ಹೆಜ್ಜೇನು, ತುಡುವೆ, ಕೋಲುಜೇನುಗಳ ವ್ಯತ್ಯಾಸವನ್ನು ಜೇನುಕುರುಬ ಹುಡುಗನೊಬ್ಬ ತರಗತಿಗೆ ವಿವರಿಸಿದ, ಪಠ್ಯದ ಚಿತ್ರವನ್ನು ನಾವು ಆಮೇಲೆ ನೋಡಿದೆವು. ಅವನು ಅದೇ ಪಾಠದ ಪ್ರಶ್ನೆಗಳಿಗೆ ಮೊದಲ ಬಾರಿಗೆ ಪೂರ್ಣ ವಾಕ್ಯಗಳಲ್ಲಿ ಉತ್ತರ ಬರೆದ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಪೆಸಿಫಿಕಾ ಜನ ಕಡಲು ದಾಟಿ ಬಂದವರು. ನಮ್ಮ ಹಾಡಿಗಳ ಜನ ಈ ಕಾಡಿನವರೇ. ಹಾಗಾಗಿ ವಲಸೆಯ ಅನುಭವವನ್ನು ಆಧರಿಸಿದ ಮಾತುಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಬರಹ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದ ಅನೇಕ ಸಹೋದ್ಯೋಗಿಗಳಿಗೆ ಓದು ಕಷ್ಟವಾಗುತ್ತದೆ.

ಇಷ್ಟಾದರೂ ಕೊಡಗಿನ ಪ್ರತಿಯೊಬ್ಬ ಪ್ರಾಥಮಿಕ ಶಾಲಾ ಶಿಕ್ಷಕರಿಗೂ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಶಿಕ್ಷಕರಿಗೆ ತರಬೇತಿ ನೀಡುವ ಜಿಲ್ಲಾ ಸಂಸ್ಥೆಯಾದ ಕೂಡಿಗೆಯ ಡಯಟ್ ಹಾಡಿಯ ಹಿರಿಯರನ್ನು ಜೊತೆಗೆ ಕೂರಿಸಿಕೊಂಡು ಇಂಥದ್ದೇ ಒಂದು ಮಾರ್ಗದರ್ಶಿಯನ್ನು ನಮ್ಮ ಜಿಲ್ಲೆಗೆಂದು ಕನ್ನಡದಲ್ಲಿ ಸಿದ್ಧಪಡಿಸಬೇಕು. ಅಲ್ಲಿಯವರೆಗೆ, ಇಂಗ್ಲಿಷ್ ಬಲ್ಲ ಒಬ್ಬರು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಯಲ್ಲಿ ಮೊದಲ ತುರುವನ್ನು ಓದಿ ವಿವರಿಸುವುದರಿಂದ ಆರಂಭಿಸಬಹುದು.